ಮಾನವ ಜೀನೋಮ್ ಜೋಡಿಸಿದ ವಿದ್ಯಾರ್ಥಿ

2000ನೇ ಇಸವಿಯ ಜೂನ್ 26. ಅಮೆರಿಕದ ಶ್ವೇತಭವನದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಜೊತೆ ಇಬ್ಬರು ವಿಜ್ಞಾನಿಗಳು ನಿಂತಿದ್ದರು. ಒಬ್ಬರು ಸರ್ಕಾರಿ ನೆರವಿನ ಮಾನವ ಜೀನೋಮ್ ಯೋಜನೆಯ ಅಮೆರಿಕದ ಮುಖ್ಯಸ್ಥ ಫ್ರಾನ್ಸಿಸ್ ಕಾಲಿನ್ಸ್. ಇನ್ನೊಬ್ಬರು ಸೆಲೆರಾ ಜೀನೋಮಿಕ್ಸ್ ಎಂಬ ಖಾಸಗಿ ಕಂಪನಿಯ ಮುಖ್ಯಸ್ಥ ಕ್ರೇಗ್ ವೆಂಟರ್. ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಉಪಗ್ರಹ ಸಂಪರ್ಕದ ಮೂಲಕ ಮಾತನಾಡಿದರು. ಮಾನವನ ವಂಶವಾಹಿ ಲಿಪಿಯ ಮೊದಲ ಕರಡು ಸಿದ್ಧವಾಗಿದೆ ಎಂಬ ಘೋಷಣೆ ಅಂದು ಹೊರಬಿದ್ದಿತು. ಮರುದಿನ ಜಗತ್ತಿನ ಪತ್ರಿಕೆಗಳಿಗೆಲ್ಲ ಅದೇ ಮುಖಪುಟದ ಸುದ್ದಿಯಾಯಿತು.

ಆದರೆ ಸರ್ಕಾರಿ ಯೋಜನೆಯ ಪಾಲಿಗೆ ಆ ಘೋಷಣೆ ಸಾಧ್ಯವಾದದ್ದು ಕೇವಲ ನಾಲ್ಕು ದಿನಗಳ ಹಿಂದೆ. ಜೂನ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ನೂರು ಸಾಮಾನ್ಯ ಕಂಪ್ಯೂಟರ್‌ಗಳು ಸೇರಿ, ಅಲ್ಲಿಯವರೆಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಡಿಎನ್‌ಎ ತುಣುಕುಗಳನ್ನು ಮೊದಲ ಬಾರಿಗೆ ಒಂದು ಕ್ರಮಕ್ಕೆ ತಂದಿದ್ದವು. ಅದಕ್ಕೆ ಬೇಕಾದ ತಂತ್ರಾಂಶವನ್ನು ಬರೆದವರು ಯಾವುದೋ ಪ್ರಸಿದ್ಧ ಪ್ರಯೋಗಾಲಯದ ನಿರ್ದೇಶಕರಲ್ಲ, ನೊಬೆಲ್ ಪುರಸ್ಕೃತರೂ ಅಲ್ಲ. ಅವರು ಜಿಮ್ ಕೆಂಟ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಆವರಣದಲ್ಲಿ ಜೀವವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿ. ಆಗ ಅವರ ವಯಸ್ಸು ನಲವತ್ತು.

ಕಂಪ್ಯೂಟರ್ ನೆರವಿನಿಂದ ಜೀನೋಮ್ ಅಧ್ಯಯನ ಮಾಡುವ ಕ್ಷೇತ್ರಕ್ಕೆ ಇಂದು ಕರ್ನಾಟಕದಿಂದಲೂ ವಿದ್ಯಾರ್ಥಿಗಳು ಹೆಜ್ಜೆ ಇಡುತ್ತಿದ್ದಾರೆ. ಈ ಕ್ಷೇತ್ರದ ದಾರಿ ಹೇಗಿರುತ್ತದೆ, ಅಲ್ಲಿ ನಿಜವಾಗಿ ಏನು ಕೆಲಸ ನಡೆಯುತ್ತದೆ, ಅದರಿಂದ ಸಾಮಾನ್ಯರಿಗೇನು ಲಾಭ ಎಂಬ ಪ್ರಶ್ನೆಗಳಿಗೆ ಕೆಂಟ್ ಅವರ ಕಥೆ ಒಳ್ಳೆಯ ಉತ್ತರ ನೀಡುತ್ತದೆ.

ಏನಿದು ಜೀನೋಮ್?

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿರುವ ಡಿಎನ್‌ಎ ಎಂಬ ಉದ್ದನೆಯ ಅಣು ಎ, ಸಿ, ಜಿ, ಟಿ ಎಂದು ಗುರುತಿಸಲಾಗುವ ನಾಲ್ಕು ಘಟಕಗಳಿಂದ ರಚಿತವಾಗಿದೆ. ಈ ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಗ್ರಂಥವೇ ಮಾನವ ಜೀನೋಮ್. ಪ್ರೋಟೀನ್ ತಯಾರಿಸುವ ಸೂಚನೆಗಳುಳ್ಳ ಸುಮಾರು 20,000 ವಂಶವಾಹಿಗಳು ಈ ಗ್ರಂಥದಲ್ಲಿ ಅಲ್ಲಲ್ಲಿ ಹರಡಿಕೊಂಡಿವೆ.

ಈ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಲೇ ಓದಬಲ್ಲ ಯಂತ್ರ ಅಂದು ಇರಲಿಲ್ಲ. ಆಗಿನ ಯಂತ್ರಗಳು ಒಂದು ಸಲಕ್ಕೆ ಓದುತ್ತಿದ್ದುದು ಐನೂರರಿಂದ ಎಂಟುನೂರು ಅಕ್ಷರಗಳನ್ನಷ್ಟೇ. ಹೀಗಾಗಿ ವಿಜ್ಞಾನಿಗಳು ಡಿಎನ್‌ಎಯ ಅನೇಕ ಪ್ರತಿಗಳನ್ನು ಚೂರುಚೂರು ಮಾಡಿ, ಪ್ರತಿ ಚೂರನ್ನೂ ಓದಿ, ಬಳಿಕ ಒಂದಕ್ಕೊಂದು ಹೊಂದುವ ಚೂರುಗಳನ್ನು ಜೋಡಿಸಬೇಕಾಗಿತ್ತು.

ಹಳೆಯ ಮಠವೊಂದರಲ್ಲಿ ಒಂದೇ ಕಾವ್ಯದ ಹತ್ತಾರು ತಾಳೆಗರಿ ಪ್ರತಿಗಳು ದೊರೆತಿವೆ ಎಂದುಕೊಳ್ಳೋಣ. ದಾರ ಕಡಿದಿದೆ, ಗರಿಗಳು ಮುರಿದಿವೆ, ಪುಟಸಂಖ್ಯೆ ಅಳಿಸಿಹೋಗಿದೆ. ಒಂದು ಚೂರಿನ ಕೊನೆಯ ಸಾಲು ಮತ್ತೊಂದು ಚೂರಿನ ಮೊದಲ ಸಾಲಿಗೆ ಹೊಂದಿದರೆ ಅವೆರಡನ್ನೂ ಅಕ್ಕಪಕ್ಕ ಇರಿಸಬಹುದು. ಆದರೆ ಕಾವ್ಯದುದ್ದಕ್ಕೂ ಒಂದೇ ಪಲ್ಲವಿ ಸಾವಿರ ಬಾರಿ ಬರುವುದಾದರೆ? ಪಲ್ಲವಿಯಷ್ಟೇ ಉಳಿದಿರುವ ಚೂರು ಯಾವ ಜಾಗಕ್ಕೆ ಸೇರಬೇಕೆಂದು ಹೇಳುವುದು ಅಸಾಧ್ಯ. ಮಾನವ ಜೀನೋಮ್‌ನ ಸುಮಾರು ಅರ್ಧಭಾಗ ಇಂತಹ ಪುನರಾವರ್ತನೆಗಳಿಂದಲೇ ತುಂಬಿದೆ. ಜೋಡಣೆ ಕಠಿಣವಾದದ್ದು ಈ ಕಾರಣಕ್ಕೆ.

ಅನಿಮೇಷನ್‌ನಿಂದ ಹುಳುವಿನವರೆಗೆ

ಜಿಮ್ ಕೆಂಟ್ ಮೊದಲು ಓದಿದ್ದು ಗಣಿತ. 1980ರ ದಶಕದ ಆರಂಭದಲ್ಲಿ ಸಾಂತಾ ಕ್ರೂಜ್‌ನಲ್ಲೇ ಗಣಿತದ ಸ್ನಾತಕೋತ್ತರ ಪದವಿ ಮುಗಿಸಿದ ಅವರು ಕಂಪ್ಯೂಟರ್ ಚಿತ್ರ ಮತ್ತು ಅನಿಮೇಷನ್ ತಂತ್ರಾಂಶಗಳ ಉದ್ಯಮ ಸೇರಿದರು. ಅಮಿಗಾ, ಅಟಾರಿ ಮುಂತಾದ ಅಂದಿನ ಗೃಹ ಕಂಪ್ಯೂಟರ್‌ಗಳಿಗೆ ಅವರು ಬರೆದ ಅನಿಮೇಷನ್ ತಂತ್ರಾಂಶಗಳು ಹೆಸರು ಮಾಡಿದವು. ಪರ್ಸನಲ್ ಕಂಪ್ಯೂಟರ್‌ಗಳಿಗಾಗಿ ಬಂದ ಆಟೋಡೆಸ್ಕ್ ಅನಿಮೇಟರ್ ಕೂಡ ಅವರದೇ ಕೆಲಸ. ಸ್ವಂತದ್ದೊಂದು ಸಣ್ಣ ಕಂಪನಿಯನ್ನೂ ಅವರು ನಡೆಸಿದರು.

ಒಂದು ದಶಕಕ್ಕೂ ಹೆಚ್ಚು ಕಾಲದ ಈ ವೃತ್ತಿ ಕ್ರಮೇಣ ಬೇಸರ ತಂದಿತು. ಇದಕ್ಕೆ ಕೆಂಟ್ ನೀಡಿದ ಕಾರಣ ಸ್ವಾರಸ್ಯಕರವಾಗಿದೆ. ವಿಂಡೋಸ್ 95ಕ್ಕೆ ತಂತ್ರಾಂಶ ಬರೆಯುವವರಿಗಾಗಿ ಮೈಕ್ರೋಸಾಫ್ಟ್ ಕಳುಹಿಸಿದ ಸಾಮಗ್ರಿ ಹನ್ನೆರಡು ಸಿ.ಡಿ.ಗಳಷ್ಟಿತ್ತು. ಇಡೀ ಮಾನವ ಜೀನೋಮ್ ಒಂದೇ ಸಿ.ಡಿ.ಯಲ್ಲಿ ಹಿಡಿಸುತ್ತದೆ, ಮೇಲಾಗಿ ಅದು ಮೂರು ತಿಂಗಳಿಗೊಮ್ಮೆ ಬದಲಾಗುವುದೂ ಇಲ್ಲ ಎಂದು ಅವರಿಗೆ ಅನ್ನಿಸಿತಂತೆ. ಲೆಕ್ಕ ಬಹುಪಾಲು ಸರಿಯಾಗಿಯೇ ಇದೆ. ನಾಲ್ಕು ಅಕ್ಷರಗಳಲ್ಲಿ ಒಂದನ್ನು ಗುರುತಿಸಲು ಎರಡು ಬಿಟ್ ಸಾಕು. 300 ಕೋಟಿ ಅಕ್ಷರಗಳಿಗೆ ಸುಮಾರು 750 ಮೆಗಾಬೈಟ್. ಹೆಚ್ಚುಕಡಿಮೆ ಒಂದು ಸಿ.ಡಿ.ಯ ಸಾಮರ್ಥ್ಯ ಅಷ್ಟೇ.

ಹೀಗೆ ಮರಳಿ ವಿಶ್ವವಿದ್ಯಾಲಯಕ್ಕೆ ಬಂದ ಕೆಂಟ್ ಸೇರಿದ್ದು ಕಂಪ್ಯೂಟರ್ ವಿಭಾಗವನ್ನಲ್ಲ, ಜೀವವಿಜ್ಞಾನ ವಿಭಾಗವನ್ನು. ಅವರ ಮಾರ್ಗದರ್ಶಕರಾದ ಅಲನ್ ಝಾಲರ್ ಅವರ ಅಧ್ಯಯನ ಮಣ್ಣಿನಲ್ಲಿ ಬದುಕುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗಾನ್ಸ್ ಎಂಬ ಹುಳುವಿನ ಮೇಲಿತ್ತು. ಬಹುಕೋಶ ಪ್ರಾಣಿಗಳ ಪೈಕಿ ಮೊಟ್ಟಮೊದಲು ಜೀನೋಮ್ ಓದಲಾದದ್ದು ಈ ಹುಳುವಿನದೇ; ಅದು ಪ್ರಕಟವಾದದ್ದು 1998ರ ಡಿಸೆಂಬರ್‌ನಲ್ಲಿ. ಸುಮಾರು 10 ಕೋಟಿ ಅಕ್ಷರಗಳ ಆ ಮಾಹಿತಿ ಎಲ್ಲರಿಗೂ ಮುಕ್ತವಾಗಿತ್ತು.

ಕೆಂಟ್ ಎತ್ತಿಕೊಂಡ ಪ್ರಶ್ನೆ ಚಿಕ್ಕದು. ಒಂದು ವಂಶವಾಹಿಯ ಸಂದೇಶ ಅಖಂಡವಾಗಿ ಇರುವುದಿಲ್ಲ. ನಡುನಡುವೆ ಬೇಡವಾದ ಭಾಗಗಳು ಸೇರಿರುತ್ತವೆ. ಜೀವಕೋಶ ಅವನ್ನು ಕತ್ತರಿಸಿ ಉಳಿದುದನ್ನು ಹೊಲಿಯುತ್ತದೆ. ಕೆಲವೊಮ್ಮೆ ಬೇರೆಬೇರೆ ರೀತಿಯಲ್ಲಿ ಕತ್ತರಿಸಿ, ಒಂದೇ ವಂಶವಾಹಿಯಿಂದ ಹಲವು ಪ್ರೋಟೀನ್‌ಗಳನ್ನು ಪಡೆಯುತ್ತದೆ. ಹುಳುವಿನಲ್ಲಿ ಈ ಕತ್ತರಿ ಕೆಲಸ ಎಲ್ಲೆಲ್ಲಿ ನಡೆಯುತ್ತದೆಂದು ಚಿತ್ರದ ರೂಪದಲ್ಲಿ ತೋರಿಸುವ ಒಂದು ಚಿಕ್ಕ ತಂತ್ರಾಂಶವನ್ನು ಅವರು ರಚಿಸಿದರು. ಅದಕ್ಕೆ ಇಂಟ್ರಾನರೇಟರ್ ಎಂದು ಹೆಸರಿಟ್ಟರು. ಅನಿಮೇಷನ್ ವೃತ್ತಿಯಲ್ಲಿ ಕಲಿತ ಚಿತ್ರವಿದ್ಯೆ ಜೀವವಿಜ್ಞಾನದ ಕೆಲಸಕ್ಕೆ ಒದಗಿಬಂತು. ಇದೇ ಚಿಕ್ಕ ತಂತ್ರಾಂಶ ಮುಂದೆ ಮತ್ತೊಂದು ದೊಡ್ಡ ಕೆಲಸಕ್ಕೆ ಬೀಜವಾಯಿತು.

ಸ್ಪರ್ಧೆಯ ಹಿನ್ನೆಲೆ

ಮಾನವ ಜೀನೋಮ್ ಯೋಜನೆ ಆರಂಭವಾದದ್ದು 1990ರಲ್ಲಿ. ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಜರ್ಮನಿ, ಚೀನಾ ದೇಶಗಳ ಪ್ರಯೋಗಾಲಯಗಳು ಇದರಲ್ಲಿ ಭಾಗಿಯಾದವು. ಭಾರತ ಈ ಒಕ್ಕೂಟದಲ್ಲಿ ಇರಲಿಲ್ಲ. 1996ರಲ್ಲಿ ಬರ್ಮುಡಾದಲ್ಲಿ ಸೇರಿದ ವಿಜ್ಞಾನಿಗಳು ಒಂದು ಮಹತ್ವದ ತೀರ್ಮಾನ ಕೈಗೊಂಡರು: ಓದಿದ ಡಿಎನ್‌ಎ ಮಾಹಿತಿಯನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಸಾರ್ವಜನಿಕಗೊಳಿಸಬೇಕು.

1998ರಲ್ಲಿ ಕಣಕ್ಕಿಳಿದ ಸೆಲೆರಾ ಕಂಪನಿ ಬೇರೆಯದೇ ದಾರಿ ಹಿಡಿಯಿತು. ಸುಮಾರು 300 ಸ್ವಯಂಚಾಲಿತ ಯಂತ್ರಗಳು, ಶಕ್ತಿಶಾಲಿ ಕಂಪ್ಯೂಟರ್‌ಗಳು, ಜೀನ್ ಮೈಯರ್ಸ್ ಅವರಂತಹ ಹೆಸರಾಂತ ಗಣಕವಿಜ್ಞಾನಿಯ ನೇತೃತ್ವದ ಜೋಡಣಾ ತಂಡ ಅದರ ಬಳಿ ಇದ್ದವು. ಜೋಡಿಸಿದ ಜೀನೋಮ್ ಮಾಹಿತಿಯನ್ನು ಚಂದಾದಾರರಿಗೆ ಮಾರುವುದು ಅದರ ವ್ಯಾಪಾರದ ಲೆಕ್ಕಾಚಾರವಾಗಿತ್ತು. ಅದೇ ಹೊತ್ತಿನಲ್ಲಿ ಹಲವು ಕಂಪನಿಗಳು ವಂಶವಾಹಿಗಳಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸುತ್ತಿದ್ದವು.

ಸಾರ್ವಜನಿಕ ಯೋಜನೆಯ ತುಣುಕುಗಳು ಎಲ್ಲರಿಗೂ ಲಭ್ಯವಿದ್ದುದು ನಿಜ. ಸೆಲೆರಾ ಕೂಡ ಅವನ್ನು ಬಳಸಿಕೊಂಡಿತ್ತು. ಆದರೆ ತುಣುಕುಗಳ ರಾಶಿಯಿಂದ ವೈದ್ಯರಿಗಾಗಲಿ ಸಂಶೋಧಕರಿಗಾಗಲಿ ಹೆಚ್ಚಿನ ಪ್ರಯೋಜನವಿಲ್ಲ. ಯಾವ ವಂಶವಾಹಿ ಎಲ್ಲಿದೆ, ಅದರ ಪಕ್ಕದಲ್ಲೇನಿದೆ ಎಂದು ತಿಳಿಯಬೇಕಾದರೆ ಜೋಡಿಸಿದ ಗ್ರಂಥವೇ ಬೇಕು. ಅಂತಹ ಗ್ರಂಥ ಒಂದು ಕಂಪನಿಯ ಬಳಿ ಮಾತ್ರ ಇದ್ದುಬಿಟ್ಟರೆ ಮನುಕುಲದ ಲಿಪಿಯನ್ನು ಓದಲು ಹಣ ತೆರಬೇಕಾದ ಸ್ಥಿತಿ ಬರುತ್ತಿತ್ತು. ಕೆಂಟ್ ಅವರನ್ನು ಕಾಡಿದ ಆತಂಕವೂ ಇದೇ ಎಂದು ಅವರು ಅನಂತರ ಹೇಳಿಕೊಂಡಿದ್ದಾರೆ.

ನಾಲ್ಕು ವಾರಗಳ ಕೆಲಸ

1999ರ ಡಿಸೆಂಬರ್‌ನಲ್ಲಿ ಯೋಜನೆಯ ಪ್ರಮುಖರಲ್ಲೊಬ್ಬರಾದ ಎರಿಕ್ ಲ್ಯಾಂಡರ್ ಅವರು ಸಾಂತಾ ಕ್ರೂಜ್‌ನ ಗಣಕವಿಜ್ಞಾನಿ ಡೇವಿಡ್ ಹೌಸ್ಲರ್ ಅವರ ನೆರವು ಕೋರಿದರು. ಜೀನೋಮ್‌ನಲ್ಲಿ ವಂಶವಾಹಿಗಳನ್ನು ಪತ್ತೆ ಮಾಡುವುದು ಹೌಸ್ಲರ್ ಅವರ ಪರಿಣತಿ. ಆದರೆ ವಂಶವಾಹಿಗಳನ್ನು ಹುಡುಕಲು ಮೊದಲು ಜೋಡಿಸಿದ ಜೀನೋಮ್ ಬೇಕಲ್ಲ! ಅದೇ ಇಲ್ಲವೆಂದು ಅರಿವಾದಾಗ ಅವರು ಜೋಡಣೆಯತ್ತಲೇ ಗಮನ ಹರಿಸಿದರು. ವಿಶ್ವವಿದ್ಯಾಲಯದ ನೆರವಿನಿಂದ 100 ಪೆಂಟಿಯಂ-3 ಕಂಪ್ಯೂಟರ್‌ಗಳನ್ನು ಹೊಂದಿಸಿಕೊಂಡರು. ಆದರೂ 2000ದ ಮೇ ತಿಂಗಳ ಹೊತ್ತಿಗೆ ಕೆಲಸ ಆಶಾದಾಯಕವಾಗಿ ಕಾಣಲಿಲ್ಲ.

ಆಗ ಮುಂದೆ ಬಂದವರು ಕೆಂಟ್. ಇನ್ನಷ್ಟು ಸರಳವಾದ ವಿಧಾನದಿಂದ ಜೋಡಣೆ ಸಾಧ್ಯವೆಂದು ತಿಳಿಸಿ, ತಾವೇ ಅದನ್ನು ಬರೆಯಲು ಕುಳಿತರು. ಮನೆಯ ಗ್ಯಾರೇಜೇ ಕಚೇರಿ. ನಾಲ್ಕು ವಾರಗಳಲ್ಲಿ ಅವರು ಬರೆದ ತಂತ್ರಾಂಶ ಸುಮಾರು 10,000 ಸಾಲುಗಳಷ್ಟು ಉದ್ದವಿತ್ತು. ಹಗಲಿರುಳೂ ಕೀಲಿಮಣೆ ಒತ್ತಿ ಮಣಿಕಟ್ಟು ನೋಯತೊಡಗಿದಾಗ ರಾತ್ರಿ ಮಂಜುಗಡ್ಡೆ ಇಟ್ಟುಕೊಂಡು ಬೆಳಿಗ್ಗೆ ಮತ್ತೆ ಕೆಲಸ ಮುಂದುವರಿಸುತ್ತಿದ್ದರು. ತಂತ್ರಾಂಶಕ್ಕೆ ಗಿಗ್‌ಅಸೆಂಬ್ಲರ್ ಎಂಬ ಹೆಸರಾಯಿತು.

ಜೂನ್ 22ರಂದು ಗಿಗ್‌ಅಸೆಂಬ್ಲರ್ ಮೊದಲ ಜೋಡಣೆಯನ್ನು ಪೂರ್ಣಗೊಳಿಸಿತು. ಅದಾಗಿ ಮೂರು ದಿನಕ್ಕೆ ಸೆಲೆರಾದ ಜೋಡಣೆಯೂ ಮುಗಿಯಿತು. ನಾಲ್ಕನೆಯ ದಿನ ಶ್ವೇತಭವನದ ಘೋಷಣೆ.

ಜೋಡಣೆ ಹೇಗೆ ನಡೆಯಿತು?

ಗಿಗ್‌ಅಸೆಂಬ್ಲರ್ ಮಾಡಿದ ಕೆಲಸವನ್ನು ಹಂತಹಂತವಾಗಿ ನೋಡಬಹುದು. ಮೊದಲು ಪುನರಾವರ್ತನೆಯ ಭಾಗಗಳನ್ನು ಗುರುತಿಸಿ, ಅವುಗಳಿಂದ ಮೋಸಹೋಗದಂತೆ ಮುಸುಕು ಹಾಕಬೇಕು. ಬಳಿಕ ಒಂದರ ಮೇಲೊಂದು ಹೊಂದಿಕೊಳ್ಳುವ ತುಣುಕುಗಳನ್ನು ಕೂಡಿಸಿ ದೊಡ್ಡ ತುಂಡುಗಳನ್ನಾಗಿ ಮಾಡಬೇಕು. ಮರದ ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿದಂತಿರುವ ಈ ತುಂಡುಗಳಿಗೆ ಕೆಂಟ್ ತೆಪ್ಪಗಳೆಂದೇ ಹೆಸರಿಟ್ಟರು. ಮುಂದಿನ ಪ್ರಶ್ನೆ, ಯಾವ ತೆಪ್ಪದ ಪಕ್ಕ ಯಾವ ತೆಪ್ಪ ಬರಬೇಕು ಎಂಬುದು. ಅದಕ್ಕೆ ಸೇತುವೆಗಳು ಬೇಕು.

ಒಂದು ಬಗೆಯ ಸೇತುವೆ ಒದಗಿದ್ದು ಜೀವಕೋಶದಿಂದಲೇ. ವಂಶವಾಹಿಯೊಂದು ಕೆಲಸ ಮಾಡುವಾಗ ಅದರ ಸಂದೇಶದ ನಕಲು ಆರ್‌ಎನ್‌ಎ ರೂಪದಲ್ಲಿ ಸಿದ್ಧವಾಗುತ್ತದೆ. ಆ ನಕಲಿನ ಮೊದಲರ್ಧ ಒಂದು ತೆಪ್ಪಕ್ಕೂ ಉಳಿದರ್ಧ ಮತ್ತೊಂದು ತೆಪ್ಪಕ್ಕೂ ಹೊಂದಿದರೆ ಅವೆರಡೂ ನೆರೆಹೊರೆಯವು, ಯಾವುದು ಮೊದಲು ಯಾವುದು ನಂತರ ಎಂಬುದು ಖಚಿತ. ಇನ್ನೊಂದು ಬಗೆಯ ಸೇತುವೆ, ಒಂದು ದೊಡ್ಡ ಚೂರಿನ ಎರಡೂ ತುದಿಗಳನ್ನು ಓದಿದ ಜೋಡಿ ಮಾಹಿತಿ. ತುದಿಗಳ ನಡುವಿನ ಅಂತರ ಸ್ಥೂಲವಾಗಿ ಗೊತ್ತಿರುವುದರಿಂದ ತೆಪ್ಪಗಳ ಅಂತರವನ್ನೂ ಅಂದಾಜು ಮಾಡಬಹುದು. ಸಾಕ್ಷ್ಯಗಳು ಒಂದಕ್ಕೊಂದು ವಿರುದ್ಧವಾದಾಗ ಹೆಚ್ಚು ನಂಬಲರ್ಹವಾದುದಕ್ಕೆ ಹೆಚ್ಚು ತೂಕ. ನ್ಯಾಯಾಧೀಶರು ಸಾಕ್ಷಿಗಳ ಹೇಳಿಕೆಗಳನ್ನು ತೂಗಿ ನೋಡುವಂತೆಯೇ ತಂತ್ರಾಂಶ ಕೂಡ ತೀರ್ಮಾನಕ್ಕೆ ಬರುತ್ತದೆ.

ಇದರಲ್ಲಿ ಅತಿ ಗಹನವಾದ ಗಣಿತವಿಲ್ಲ ಎಂಬುದು ಗಮನಾರ್ಹ. ಆದರೆ ಯಾವ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂದು ತಿಳಿಯಲು ಪ್ರಯೋಗಾಲಯದಲ್ಲಿ ಆ ಸಾಕ್ಷ್ಯ ಹೇಗೆ ಹುಟ್ಟುತ್ತದೆಂದು ಗೊತ್ತಿರಬೇಕು. ಕೇವಲ ಪ್ರೋಗ್ರಾಂ ಬರೆಯಬಲ್ಲವರಿಗೆ ಅದು ತಿಳಿಯದು. ಕೇವಲ ಜೀವವಿಜ್ಞಾನ ಓದಿದವರಿಗೆ ನಾಲ್ಕು ವಾರಗಳಲ್ಲಿ 10,000 ಸಾಲು ಬರೆಯುವುದು ಆಗದು. ಎರಡೂ ವಿದ್ಯೆಗಳು ಒಬ್ಬರಲ್ಲೇ ಸೇರಿದ್ದೇ ಕೆಂಟ್ ಅವರ ಬಲ. ಈ ಕ್ಷೇತ್ರದ ತಿರುಳೂ ಇದೇ.

ಅಂತರ್ಜಾಲದಲ್ಲಿ ಮಾನವ ಗ್ರಂಥ

2000ದ ಜುಲೈ 7ರಂದು ಸಾಂತಾ ಕ್ರೂಜ್ ತಂಡ ಜೋಡಿಸಿದ ಜೀನೋಮನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಪ್ರಕಟಿಸಿತು. ಮೊದಲ ಇಪ್ಪತ್ನಾಲ್ಕು ಗಂಟೆಗಳಲ್ಲಿ ಸುಮಾರು ಅರ್ಧ ಲಕ್ಷ ಕೋಟಿ ಬೈಟ್‌ಗಳಷ್ಟು ಮಾಹಿತಿಯನ್ನು ಜಗತ್ತಿನ ಜನ ಇಳಿಸಿಕೊಂಡರು. ಎರಡೂ ತಂಡಗಳ ವಿವರವಾದ ಪ್ರಬಂಧಗಳು 2001ರ ಫೆಬ್ರುವರಿಯಲ್ಲಿ ನೇಚರ್ ಹಾಗೂ ಸೈನ್ಸ್ ಪತ್ರಿಕೆಗಳಲ್ಲಿ ಪ್ರಕಟವಾದವು.

ಅಕ್ಷರಗಳ ಸಾಲನ್ನು ಬರಿಗಣ್ಣಿನಿಂದ ನೋಡಿದರೆ ಏನೂ ಅರ್ಥವಾಗದು. ಹುಳುವಿಗಾಗಿ ಬರೆದಿದ್ದ ಚಿತ್ರ ತೋರಿಸುವ ತಂತ್ರಾಂಶವನ್ನು ಕೆಂಟ್ ಈಗ ಮಾನವ ಜೀನೋಮ್‌ಗೆ ವಿಸ್ತರಿಸಿದರು. ಭೂಪಟದಲ್ಲಿ ಊರು, ನದಿ, ರಸ್ತೆಗಳನ್ನು ಗುರುತಿಸಿದಂತೆ ವರ್ಣತಂತುವಿನ ಮೇಲೆ ವಂಶವಾಹಿಗಳು, ರೋಗಸಂಬಂಧಿ ವ್ಯತ್ಯಾಸಗಳು, ಇತರ ಪ್ರಾಣಿಗಳೊಡನೆ ಇರುವ ಹೋಲಿಕೆಗಳನ್ನು ತೋರಿಸುವ ಸಾಂತಾ ಕ್ರೂಜ್ ಜೀನೋಮ್ ಬ್ರೌಸರ್ ರೂಪುಗೊಂಡದ್ದು ಹೀಗೆ. ಹೊಸದಾಗಿ ಓದಿದ ಡಿಎನ್‌ಎ ಚೂರು ಜೀನೋಮ್‌ನಲ್ಲಿ ಎಲ್ಲಿ ಸೇರುತ್ತದೆಂದು ಕ್ಷಣಾರ್ಧದಲ್ಲಿ ಹುಡುಕುವ ಬ್ಲಾಟ್ ಎಂಬ ತಂತ್ರಾಂಶವನ್ನೂ 2002ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅವರ ಪಿಎಚ್.ಡಿ. ಕೂಡ ಮುಗಿಯಿತು! 2003ರಲ್ಲಿ ಈ ಕ್ಷೇತ್ರದ ಯುವ ಸಂಶೋಧಕರಿಗೆ ಸಲ್ಲುವ ಓವರ್ಟನ್ ಪ್ರಶಸ್ತಿ ಅವರಿಗೆ ಸಂದಿತು. 2020ರ ಆರಂಭದಲ್ಲಿ ಕೊರೊನಾ ವೈರಾಣುವಿನ ಜೀನೋಮ್ ಹೊರಬಂದಾಗ ಅದನ್ನೂ ಇದೇ ಬ್ರೌಸರ್‌ನಲ್ಲಿ ಅಳವಡಿಸಲಾಯಿತು.

ಮುಕ್ತ ಮಾಹಿತಿಯ ಎದುರು ಚಂದಾ ವ್ಯಾಪಾರ ಹೆಚ್ಚು ಕಾಲ ನಿಲ್ಲಲಿಲ್ಲ. ಸೆಲೆರಾ 2005ರಲ್ಲಿ ತನ್ನ ಜೀನೋಮ್ ಮಾಹಿತಿಯನ್ನು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಿತು. ನಿಸರ್ಗದಲ್ಲಿ ಇರುವಂತೆಯೇ ಇರುವ ಡಿಎನ್‌ಎಗೆ ಪೇಟೆಂಟ್ ನೀಡಲಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರ ಜೂನ್‌ನಲ್ಲಿ ತೀರ್ಪು ನೀಡಿತು.

ಮುಗಿಯದ ಗ್ರಂಥ

2000ದಲ್ಲಿ ಸಿದ್ಧವಾದದ್ದು ಕರಡು ಮಾತ್ರ. 2003ರ ಏಪ್ರಿಲ್‌ನಲ್ಲಿ ಯೋಜನೆ ಮುಗಿಯಿತೆಂದು ಸಾರಲಾಯಿತಾದರೂ ಜೀನೋಮ್‌ನ ಸುಮಾರು ಶೇ. 8ರಷ್ಟು ಭಾಗ ಓದಲಾಗದೆ ಉಳಿದಿತ್ತು. ಅದೇ ಪಲ್ಲವಿಯ ಸಮಸ್ಯೆ. ಒಂದೇ ಸಲಕ್ಕೆ ಸಾವಿರಾರು, ಲಕ್ಷಾಂತರ ಅಕ್ಷರಗಳನ್ನು ಓದಬಲ್ಲ ಹೊಸ ಯಂತ್ರಗಳು ಬಂದ ಬಳಿಕವಷ್ಟೇ ಅದು ಬಗೆಹರಿಯಿತು. ಆಡಂ ಫಿಲಿಪ್ಪಿ, ಕರೆನ್ ಮಿಗಾ ಮುಂತಾದವರ ನೇತೃತ್ವದ ಒಕ್ಕೂಟ 2022ರಲ್ಲಿ ಅಂತರಗಳಿಲ್ಲದ ಜೀನೋಮನ್ನು ಪ್ರಕಟಿಸಿತು. ವೈ ವರ್ಣತಂತುವಿನ ಪೂರ್ಣಪಾಠ 2023ರಲ್ಲಿ ಬಂದಿತು. ಮಿಗಾ ಅವರು ಕೆಲಸ ಮಾಡುವುದೂ ಸಾಂತಾ ಕ್ರೂಜ್‌ನಲ್ಲೇ.

ಆದರೆ ಇನ್ನೊಂದು ಕೊರತೆ ಉಳಿದೇ ಇದೆ. ಗ್ರಂಥ ಯಾರದು ಎಂಬ ಪ್ರಶ್ನೆ ಅದು. ಇಪ್ಪತ್ತು ವರ್ಷ ಕಾಲ ಜಗತ್ತು ಆಧಾರವಾಗಿ ಬಳಸಿದ ಜೀನೋಮ್‌ನ ಸುಮಾರು ಶೇ. 70ರಷ್ಟು ಭಾಗ ಅಮೆರಿಕದ ಒಬ್ಬನೇ ವ್ಯಕ್ತಿಯಿಂದ ಬಂದದ್ದು. ಬಗೆಬಗೆಯ ಜನರ ಜೀನೋಮ್‌ಗಳನ್ನು ಓದಲು ಹೊರಟ ಅಂತರರಾಷ್ಟ್ರೀಯ ಸಾವಿರ ಜೀನೋಮ್ ಯೋಜನೆ 2015ರಲ್ಲಿ ಮುಗಿದಾಗ 26 ಸಮೂಹಗಳ 2,504 ಜನರ ಮಾಹಿತಿ ಅದರಲ್ಲಿತ್ತು. ಭಾರತ ಮೂಲದವರ ಪೈಕಿ ಇದ್ದವರು ಅಮೆರಿಕದ ಹ್ಯೂಸ್ಟನ್‌ನ ಗುಜರಾತಿಗಳು ಮತ್ತು ಬ್ರಿಟನ್ನಿನ ತೆಲುಗರು. ಭಾರತದ ನೆಲದಲ್ಲಿ ಸಂಗ್ರಹಿಸಿದ ಮಾದರಿಗಳೂ ಇರಲಿಲ್ಲ, ಕನ್ನಡಿಗರೆಂಬ ಸಮೂಹವೂ ಇರಲಿಲ್ಲ.

ಇದು ಅಭಿಮಾನದ ಮಾತಷ್ಟೇ ಅಲ್ಲ, ಆರೋಗ್ಯದ ಮಾತು. 2009ರಲ್ಲಿ ಭಾರತೀಯ ವಿಜ್ಞಾನಿಗಳನ್ನೂ ಒಳಗೊಂಡ ತಂಡವೊಂದು ಹೃದಯದ ಸ್ನಾಯುವಿಗೆ ಸಂಬಂಧಿಸಿದ ವಂಶವಾಹಿಯೊಂದರಲ್ಲಿ ಕೇವಲ 25 ಅಕ್ಷರಗಳ ಲೋಪವನ್ನು ಗುರುತಿಸಿತು. ಈ ಲೋಪವುಳ್ಳವರಿಗೆ ಮಧ್ಯವಯಸ್ಸಿನ ನಂತರ ಹೃದಯ ವೈಫಲ್ಯದ ಅಪಾಯ ಹೆಚ್ಚು. ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ. ಯುರೋಪಿಯನ್ನರ ಜೀನೋಮ್‌ಗಳನ್ನಷ್ಟೇ ಜಾಲಾಡಿದ್ದರೆ ಇದು ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ.

ಬೆಂಗಳೂರಿನ ನಂಟು

ಸಾಂತಾ ಕ್ರೂಜ್‌ನಲ್ಲಿ ಜೋಡಣೆ ನಡೆದ 2000ದಲ್ಲೇ ಬೆಂಗಳೂರಿನಲ್ಲೂ ಈ ಕ್ಷೇತ್ರ ಚಿಗುರಿತು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಅದೇ ವರ್ಷ ಸ್ಟ್ರಾಂಡ್ ಜೀನೋಮಿಕ್ಸ್ ಕಂಪನಿಯನ್ನು ಹುಟ್ಟುಹಾಕಿದರು. ರಾಜ್ಯ ಸರ್ಕಾರದ ನೆರವಿನಿಂದ ಆರಂಭವಾದ ಜೈವಿಕ ಮಾಹಿತಿ ವಿಜ್ಞಾನ ಮತ್ತು ಆನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ನೀಡುತ್ತಿದೆ.

ಕೋವಿಡ್ ಕಾಲದಲ್ಲಿ ಜೀನೋಮ್ ಸೀಕ್ವೆನ್ಸಿಂಗ್ ಎಂಬ ಪದ ಮನೆಮಾತಾಯಿತು. ವೈರಾಣುವಿನ ರೂಪಾಂತರಗಳ ಮೇಲೆ ಕಣ್ಣಿಡಲು ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ರಚಿಸಿದ ಹತ್ತು ಪ್ರಯೋಗಾಲಯಗಳ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದ ಪ್ರಯೋಗಾಲಯ ಸೇರಿದ್ದವು. ಡೆಲ್ಟಾ, ಒಮಿಕ್ರಾನ್ ಎಂದು ಸುದ್ದಿಯಲ್ಲಿ ಕೇಳಿದ ಹೆಸರುಗಳ ಹಿಂದೆ ಇದ್ದದ್ದು ಓದಿದ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಹೋಲಿಸಿ ನೋಡುವ ಇದೇ ವಿದ್ಯೆ.

ಭಾರತೀಯರ ಜೀನೋಮ್‌ಗಳನ್ನು ಓದುವ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಹಣ ಒದಗಿಸಿದ ಈ ಯೋಜನೆಯಲ್ಲಿ 20 ಸಂಸ್ಥೆಗಳಿದ್ದು, ಸಮನ್ವಯದ ಹೊಣೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. ದೇಶದ 80ಕ್ಕೂ ಹೆಚ್ಚು ಜನಸಮೂಹಗಳ 10,000 ಮಂದಿಯ ಜೀನೋಮ್ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರ ಬಳಕೆಗೆ ಸಮರ್ಪಿತವಾಯಿತು. ಮಾಹಿತಿಯ ಸಂಗ್ರಹ ಇರುವುದು ಹರಿಯಾಣದ ಫರೀದಾಬಾದ್‌ನಲ್ಲಿ.

ಆದರೆ ಇದು ಕೆಂಟ್ ಅವರ ಗ್ರಂಥದಂತೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮಾಹಿತಿಯಲ್ಲ. ಸಂಶೋಧಕರು ಪ್ರಸ್ತಾವ ಸಲ್ಲಿಸಿ ಅನುಮತಿ ಪಡೆಯಬೇಕು. ಕಾರಣವಿದೆ. ಅಂದಿನ ಕರಡು ಮನುಕುಲದ ಸಾಮಾನ್ಯ ಪಾಠವಾಗಿತ್ತು; ಇಲ್ಲಿರುವುದು ಸಾವಿರಾರು ವ್ಯಕ್ತಿಗಳ ಖಾಸಗಿ ಪಾಠ. ಹೆಸರು ತೆಗೆದುಹಾಕಿದರೂ ಜೀನೋಮ್ ತನ್ನ ಒಡೆಯನ ಗುರುತನ್ನು ಬಿಟ್ಟುಕೊಡಬಲ್ಲದು. ಅವನ ಬಂಧುಗಳ ಗುಟ್ಟನ್ನೂ ಹೇಳಬಲ್ಲದು. ವಿಜ್ಞಾನಕ್ಕೆ ಬೇಕಾದ ಮುಕ್ತತೆ, ರಕ್ತ ಕೊಟ್ಟವರಿಗೆ ಸಲ್ಲಬೇಕಾದ ಗೋಪ್ಯತೆ ಇವೆರಡರ ನಡುವಿನ ಸಮತೋಲ ಈ ಕ್ಷೇತ್ರದ ಇಂದಿನ ದೊಡ್ಡ ಸವಾಲು.

ವಿದ್ಯಾರ್ಥಿಗಳಿಗೆ ದಾರಿ

ಈ ಕ್ಷೇತ್ರಕ್ಕೆ ಬರಲು ಒಂದೇ ಹೆಬ್ಬಾಗಿಲು ಎಂಬುದಿಲ್ಲ. ಎಂಜಿನಿಯರಿಂಗ್, ಗಣಿತ, ಸಂಖ್ಯಾಶಾಸ್ತ್ರ, ಜೀವವಿಜ್ಞಾನ, ಕೃಷಿ, ವೈದ್ಯಕೀಯ ಹೀಗೆ ಯಾವ ಕಡೆಯಿಂದಲೂ ಬರಬಹುದು. ಪಿಎಚ್.ಡಿ. ಬಯಸುವವರಿಗೆ ಸಿಎಸ್ಐಆರ್-ಯುಜಿಸಿ ನೆಟ್, ಗೇಟ್ ಪರೀಕ್ಷೆಗಳಿವೆ. ನೆಟ್ ಮೂಲಕ ಕಿರಿಯ ಸಂಶೋಧನಾ ವೇತನ ಪಡೆದವರಿಗೆ 2023ರಲ್ಲಿ ಪರಿಷ್ಕೃತವಾದ ದರದಂತೆ ತಿಂಗಳಿಗೆ 37,000 ರೂಪಾಯಿ ದೊರೆಯುತ್ತದೆ. ಆಯ್ಕೆಯ ಸಂದರ್ಶನಗಳಲ್ಲಿ ಅಂಕಗಳ ಜೊತೆಗೆ ಅಭ್ಯರ್ಥಿ ಸ್ವತಃ ಏನು ಮಾಡಿ ನೋಡಿದ್ದಾರೆ ಎಂಬುದಕ್ಕೂ ಬೆಲೆ ಇದೆ.

ಕಲಿಯಬೇಕಾದವು ಮುಖ್ಯವಾಗಿ ಮೂರು. ಒಂದು, ಲಿನಕ್ಸ್ ವ್ಯವಸ್ಥೆಯಲ್ಲಿ ಕೆಲಸ ಮಾಡುವ ರೂಢಿ ಮತ್ತು ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಅಭ್ಯಾಸ. ಎರಡು, ಸಂಖ್ಯಾಶಾಸ್ತ್ರ, ಕೋಟಿಗಟ್ಟಲೆ ಅಕ್ಷರಗಳ ನಡುವೆ ಆಕಸ್ಮಿಕವಾಗಿ ಕಾಣುವ ಹೋಲಿಕೆ ಯಾವುದು, ನಿಜವಾದ ಸಂಬಂಧ ಯಾವುದು ಎಂದು ಬೇರ್ಪಡಿಸುವ ವಿವೇಕ ಬರುವುದು ಅದರಿಂದ. ಮೂರು, ಜೀವವಿಜ್ಞಾನ, ಅದರಲ್ಲೂ ಮಾಹಿತಿ ಪ್ರಯೋಗಾಲಯದಲ್ಲಿ ಹೇಗೆ ಹುಟ್ಟುತ್ತದೆ, ಎಲ್ಲಿ ತಪ್ಪುತ್ತದೆ ಎಂಬ ತಿಳಿವಳಿಕೆ. ಎಂಜಿನಿಯರಿಂಗ್‌ನಿಂದ ಬಂದವರು ಮೂರನೆಯದನ್ನೂ, ಜೀವವಿಜ್ಞಾನದಿಂದ ಬಂದವರು ಮೊದಲೆರಡನ್ನೂ ಕಡೆಗಣಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಅಭ್ಯಾಸಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಸಾಂತಾ ಕ್ರೂಜ್ ಬ್ರೌಸರ್, ಸಾವಿರ ಜೀನೋಮ್ ಯೋಜನೆಯ ಮಾಹಿತಿ, ಅಮೆರಿಕ ಹಾಗೂ ಯುರೋಪಿನ ಸಾರ್ವಜನಿಕ ಸಂಗ್ರಹಗಳು ಇಂದಿಗೂ ಉಚಿತ. ಒಂದು ಸಾಧಾರಣ ಲ್ಯಾಪ್‌ಟಾಪ್, ಅಂತರ್ಜಾಲ ಸಂಪರ್ಕ ಇದ್ದರೆ ಬ್ಯಾಕ್ಟೀರಿಯಾ ಅಥವಾ ವೈರಾಣುವಿನ ಜೀನೋಮನ್ನು ಕಾಲೇಜಿನ ವಿದ್ಯಾರ್ಥಿಯೇ ಜೋಡಿಸಿ ನೋಡಬಹುದು. ಬಹಳಷ್ಟು ತಂತ್ರಾಂಶಗಳೂ ಉಚಿತವೇ.

ಅಂತಹ ವಿದ್ಯಾರ್ಥಿ ಕೆಂಟ್ ಅವರಿಂದ ಕಲಿಯಬೇಕಾದದ್ದು ನಾಲ್ಕು ವಾರಗಳ ಸಾಹಸವನ್ನಲ್ಲ. ಅದಕ್ಕೆ ಮುನ್ನ ಅವರು ಒಂದು ಪುಟ್ಟ ಹುಳುವಿನ ವಂಶವಾಹಿಗಳೊಂದಿಗೆ ಸದ್ದಿಲ್ಲದೆ ಕೆಲಸ ಮಾಡಿದ್ದರು. ಆ ಹುಳುವಿನ ಜೀನೋಮನ್ನು ಅದನ್ನು ಓದಿದವರು ತಮ್ಮಲ್ಲೇ ಬಚ್ಚಿಟ್ಟುಕೊಂಡಿದ್ದರೆ ಕೆಂಟ್ ಅವರ ಕಲಿಕೆ ಆರಂಭವಾಗುತ್ತಲೇ ಇರಲಿಲ್ಲ. ತಾವು ಪಡೆದದ್ದನ್ನೇ ಅವರು 2000ದ ಜುಲೈ 7ರಂದು ಬಡ್ಡಿಸಮೇತ ಹಿಂತಿರುಗಿಸಿದರು.